ಟೀಚರಮ್ಮನ ಕಡ್ಡಿ ಚಕ್ರ

ಬಲಗೈ ಹೆಬ್ಬೆರಳಿನ ಉಗುರಿನಂಚಿನಲ್ಲಿ ಸೀಮೆಸುಣ್ಣ, ಎಡಗೈ ಹೆಬ್ಬೆರಳಿನ ಉಗುರಿನಂಚಿನಲ್ಲಿ ಗ್ರೀಸು. ತೊಳೆದುಕೊಳ್ಳುತ್ತಿರಲಿಲ್ಲವೆಂದಲ್ಲ. ಸೀಮೆಸುಣ್ಣ ಶಾಲೆಯ ದಿನಗಳದ್ದು, ಗ್ರೀಸು ಭಾನುವಾರದ್ದು. ಒಂದು ಹೋಗುವಷ್ಟರಲ್ಲಿ ಇನ್ನೊಂದು ಬಂದಿರುತ್ತಿತ್ತು.

ಹೋದ ತಿಂಗಳು ಕೋಲಾರದಲ್ಲಿ ಟೀಚರಮ್ಮನಿಗೆ ಶ್ರದ್ಧಾಂಜಲಿ ಸಭೆ ಏರ್ಪಾಡಾಗಿತ್ತು. ಮಾತಾಡಿದವರೆಲ್ಲ ಅವರನ್ನು ಸರಳ, ಸಜ್ಜನ, ಮೃದುಭಾಷಿ ಎಂದರು. ಮೊದಲಿನ ಎರಡನ್ನು ಬೇಕಾದರೆ ಒಪ್ಪಬಹುದು. ಮೂರನೆಯದನ್ನು ಕೇಳಿದಾಗ, ಅವರ ಹತ್ತಿರ ಭೂಗೋಳ ಓದಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಶ್ರೀನಿವಾಸಪುರದಿಂದ ಬಂದಿದ್ದ ಅವರ ಮೈದುನ ಎದ್ದು, ಶಲ್ಯದಿಂದ ಕಣ್ಣೊರೆಸಿಕೊಂಡು, ಅತ್ತಿಗೆಯನ್ನು ತೆಲುಗಿನಲ್ಲಿ ಕರೆಯುವ ಮನೆಯ ರೂಢಿಯಂತೆ, “ನಮ್ಮ ವದಿನಮ್ಮನ ಕಾರನ್ನ ಕಣ್ಣಿನ ರೆಪ್ಪೆ ಥರ ಕಾಪಾಡಿದ್ದು ನಮ್ಮ ಮನೆ” ಎಂದರು. ಕೆಲವರು ಚಪ್ಪಾಳೆ ತಟ್ಟಲು ಹೋಗಿ, ಸಭೆ ಎಂಥದೆಂದು ನೆನಪಾಗಿ, ಕೈಗಳನ್ನು ಅರ್ಧದಲ್ಲೇ ನಿಲ್ಲಿಸಿದರು. ನಾನು ಕೈ ಎತ್ತಲೇ ಇಲ್ಲ. ಮನೆಗೆ ಬಂದು ಇದನ್ನು ಬರೆಯಲು ಕುಳಿತೆ.

ಎಪ್ಪತ್ತರ ದಶಕದ ಕೊನೆಯ ಭಾಗ. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಮುಗಿಸಿ ಕೋಲಾರದ ಕಾಲೇಜಿಗೆ ಪಾಠ ಹೇಳಲು ಬಂದಾಗ, ಒಂಟಿ ಹೆಣ್ಣಿಗೆ ಕೋಣೆ ಕೊಡಲು ಊರಿನಲ್ಲಿ ಯಾರಿಗೂ ಅಭ್ಯಂತರವಿರಲಿಲ್ಲ. ನೂರು ಪ್ರಶ್ನೆ ಕೇಳಿದ ಮೇಲೆ ಕೊಡುತ್ತಿರಲಿಲ್ಲ, ಅಷ್ಟೇ. ಮೇಡಂ ಮಾತ್ರ ಒಂದೇ ಪ್ರಶ್ನೆ ಕೇಳಿದರು: “ಹಾಡ್ತೀಯೇನು?” ಇಲ್ಲವೆಂದೆ. “ಹಾಗಾದ್ರೆ ಮಹಡಿ ಮೇಲಿನ ರೂಮು ನಿಂದು” ಎಂದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಟೀಚರು, ಐವತ್ತು ಸಮೀಪಿಸಿದ ವಿಧವೆ, ಮಕ್ಕಳಿರಲಿಲ್ಲ. ಊರಿಗೆಲ್ಲ ಟೀಚರಮ್ಮ. ನಾನು ಮೇಡಂ ಎನ್ನುತ್ತಿದ್ದೆ.

ಅವರ ಮಾತಿನ ಒಂದು ಮಾದರಿ ಕೊಡುತ್ತೇನೆ. ಭಾರತದ ನಕ್ಷೆಯಲ್ಲಿ ಗೋದಾವರಿಯನ್ನು ಅರಬ್ಬೀ ಸಮುದ್ರಕ್ಕೆ ಸೇರಿಸಿದ ಹುಡುಗಿಯೊಬ್ಬಳ ಉತ್ತರಪತ್ರಿಕೆಯ ಮೇಲೆ ಅವರು ತಪ್ಪಿನ ಗುರುತು ಹಾಕಿರಲಿಲ್ಲ. “ನದಿಗೆ ತಿಳಿಸಿದ್ದೀಯಾ?” ಎಂದಷ್ಟೇ ಬರೆದಿದ್ದರು. ಆ ಹುಡುಗಿ ಈಗ ಮಾಲೂರಿನಲ್ಲಿ ಭೂಗೋಳದ ಟೀಚರು. ಮೃದುಭಾಷಿ ಎಂಬ ಪದವನ್ನು ಸಭೆಯಲ್ಲಿ ಮೊದಲು ಬಳಸಿದವಳೂ ಅವಳೇ.

ಕಾರಿನ ವಿಷಯ ನನಗೆ ತಿಳಿದದ್ದು ಗ್ರೀಸಿನಿಂದ. ಕೇಳುವ ಸ್ವಭಾವ ನನ್ನದಲ್ಲ, ಅವರೇ ಹೇಳಿದರು. ಯಜಮಾನರು ಚಿನ್ನದ ಗಣಿಯ ಕಚೇರಿಯಲ್ಲಿದ್ದರು. ಅಲ್ಲಿನ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ತನ್ನ ಕಾರನ್ನು ಇವರಿಗೆ ಮಾರಿಹೋದ. ತಲೆಯ ಮೇಲೆ ಮುಚ್ಚಿಗೆಯಿಲ್ಲದ, ನೆಲಕ್ಕೆ ಅಂಟಿದಂತೆ ಓಡುವ, ಜೋರಾಗಿ ಓಡಿಸುವ ಖುಷಿಗಾಗಿಯೇ ಮಾಡಿದ ಎರಡು ಸೀಟಿನ ಕಾರು. ಯಜಮಾನರಿಗೆ ಓಡಿಸಲು ಬರುತ್ತಿರಲಿಲ್ಲ, ಡ್ರೈವರ್ ಇಟ್ಟುಕೊಂಡರು. “ಒಂದು ಸೀಟಲ್ಲಿ ಡ್ರೈವರ್, ಇನ್ನೊಂದರಲ್ಲಿ ಯಜಮಾನರು. ಮದುವೆ ಮುಂಜಿ ಅಂದ್ರೆ ಅವರಿಬ್ಬರು ಜೋಡಿಯಾಗಿ ಮುಂದೆ ಹೋಗೋರು, ನಾನು ಹಿಂದಿನ ಬಸ್ಸಲ್ಲಿ. ಲೈಸೆನ್ಸ್ ಇದ್ದದ್ದು ನನ್ನ ಹತ್ರ” ಎಂದರು ಮೇಡಂ. ಮುಳಬಾಗಿಲಿನಲ್ಲಿ ಅವರ ತಂದೆಗೆ ಬಸ್ಸಿತ್ತು. ಮಗಳಿಗೆ ಮದುವೆಗೆ ಮುಂಚೆಯೇ ಓಡಿಸಲು ಕಲಿಸಿದ್ದರು. ಮದುವೆಯಾದ ಮೇಲೆ ಆ ಲೈಸೆನ್ಸು ಬೆಳ್ಳಿ ಕುಂಕುಮದ ಭರಣಿಯ ಜೊತೆ ಬೀರು ಸೇರಿತು.

ಯಜಮಾನರು ತೀರಿಕೊಂಡ ಮೇಲೆ ಕಾಗದಪತ್ರದಲ್ಲಿ ಕಾರು ಮೇಡಂದಾಯಿತು. ಕಾರು ಮಾತ್ರ ಶ್ರೀನಿವಾಸಪುರದಲ್ಲಿ, ಅವರ ಅತ್ತೆಮನೆಯ ಹಿತ್ತಿಲ ಶೆಡ್ಡಿನಲ್ಲಿ, ಖಾಲಿ ಮಾವಿನ ಬುಟ್ಟಿಗಳ ಕೆಳಗೆ ಉಳಿಯಿತು. ಭಾನುವಾರಗಳಲ್ಲಿ ಮೇಡಂ ಹೋಗಿ, ಕೈಗೆಟುಕಿದಲ್ಲಿ ಗ್ರೀಸು ಹಚ್ಚಿ ಬರುತ್ತಿದ್ದರು. ವರ್ಷಗಟ್ಟಲೆ ಬಚ್ಚಲ ನೀರು ಹರಿದು ಒಂದು ಪಕ್ಕದ ಎರಡು ಚಕ್ರಗಳು ನಿಂತಲ್ಲೇ ಕೊಳೆತವು. ಕಣ್ಣಿನ ರೆಪ್ಪೆಯ ಹಾಗೆ ಎಂದರೆ ಇದು.

ನಾನು ಕೋಲಾರಕ್ಕೆ ಬಂದ ಮುಂದಿನ ವರ್ಷ, ಮಾವಿನ ಮಂಡಿಯಿಟ್ಟಿದ್ದ ಮೈದುನ ಒಂದು ದಿನ ಮನೆಗೆ ಬಂದು, ಕಾಫಿ ಕುಡಿದು ಹೇಳಿದರು: “ಯುಗಾದಿ ಒಳಗೆ ಅದು ತನ್ನ ಕಾಲಿನ ಮೇಲೆ ಗೇಟು ದಾಟ್ಲಿ ವದಿನಮ್ಮಾ. ಇಲ್ಲಾಂದ್ರೆ ಗುಜರಿಯೋನಿಗೆ ಹೇಳಿಬಿಡ್ತೀನಿ. ಸೀಸನ್ನಿಗೆ ಶೆಡ್ಡು ಬೇಕು.”

“ಗುಜರಿಯೋನಿಗಿಂತ ಮೊದಲು ನನಗೆ ಹೇಳಿದೆಯಲ್ಲಪ್ಪ, ನಿನ್ನದು ದೊಡ್ಡ ಗುಣ” ಎಂದರು ಮೇಡಂ. ಅವರು ಹೋದ ಮೇಲೆ, ಲಾರಿಯ ಮೇಲೆ ಹೇರಿಸಿ ಇಲ್ಲಿಗೆ ತಂದರಾಗದೆ ಎಂದು ನಾನು ಕೇಳಿದೆ. “ಜೀವ ಇರೋದನ್ನ ನಾಲ್ಕು ಜನ ಸೇರಿ ಹೊತ್ಕೊಂಡು ಹೋಗಲ್ಲ ಕಣೇ” ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು. ಒಂದು ಸಲವೂ ಕೂರದ ಕಾರಿನ ಮೇಲೆ ಅವರಿಗಿದ್ದ ಹಟ ಎಂಥದೆಂದು ಅವತ್ತು ನನಗೆ ತಿಳಿಯಿತು.

ಹೀಗೆ ಎರಡು ಚಕ್ರಗಳ ಬೇಟೆ ಶುರುವಾಯಿತು. ಮಾಮೂಲಿ ಕಾರಿನ ಚಕ್ರ ತಟ್ಟೆಯ ಹಾಗಿದ್ದು, ನಾಲ್ಕೈದು ಬೋಲ್ಟು ಹಾಕಿ ಬಿಗಿದರೆ ಮುಗಿಯಿತು. ಇದರದು ಸೈಕಲ್ಲಿನ ಹಾಗೆ ಕಡ್ಡಿ ಚಕ್ರ. ನಡುವೆ ಒಳಗೆಲ್ಲ ಹಲ್ಲಿರುವ ಒಂದು ತೂತು, ಅದನ್ನು ಹಿಡಿದಿಡಲು ಎರಡು ಕಿವಿಗಳ ಒಂದೇ ದೊಡ್ಡ ನಟ್ಟು. ಆ ಕಿವಿಗೆ ಮರದ ಕೊಡತಿಯಿಂದ ಹೊಡೆದು ಬಿಗಿಯಬೇಕು, ಹೊಡೆದೇ ಬಿಚ್ಚಬೇಕು. ಮೇಡಂ ಬಾಯಿಮಾತಿನಲ್ಲಿ ಹೇಳಿ ಸಾಕಾಗಿ, ಕಪ್ಪು ಹಲಗೆಯ ಒಂದು ತುಂಡಿನ ಮೇಲೆ ಚಿತ್ರ ಬರೆದು ಚೀಲದಲ್ಲಿ ಇಟ್ಟುಕೊಂಡೇ ತಿರುಗಿದರು.

ಆ ಚಿತ್ರ ನೋಡಿದ ಗಂಡಸರೆಲ್ಲರಿಗೂ ಚಕ್ರದ ವಿಷಯ ಗೊತ್ತಿತ್ತು. ಒಬ್ಬರು ಜೀಪಿನ ಚಕ್ರ ಹಾಕಿ ಎಂದರು. ಒಬ್ಬರು ಟೈರುಗಾಡಿಯ ಅಚ್ಚನ್ನೇ ಕೂರಿಸಿದರೆ ಎತ್ತೂ ಕಟ್ಟಬಹುದು ಎಂದರು. ಶಾಲೆಯ ಹೆಡ್‌ಮಾಸ್ಟರು, ಈ ವಯಸ್ಸಿನಲ್ಲಿ ಚಕ್ರಕ್ಕಿಂತ ಭಜನೆ ಒಳ್ಳೆಯದು ಎಂದು ಸೂಚಿಸಿದರು. ಮೇಡಂ ಎಲ್ಲರಿಗೂ ವಂದನೆ ಹೇಳಿ, ಬಸ್‌ಸ್ಟ್ಯಾಂಡಿನ ಹಿಂದಿನ ಮೆಕ್ಯಾನಿಕ್ ಸಾಬರನ್ನು ಹಿಡಿದರು. ಅವರು ಶ್ರೀನಿವಾಸಪುರಕ್ಕೆ ಹೋಗಿ ಎಂಜಿನ್ನನ್ನು ಎಬ್ಬಿಸಿ ಬಂದರು. ಟೈರಿಗೂ ತೊಂದರೆಯಿಲ್ಲ, ಅಂಬಾಸಿಡರಿನದೇ ಕೂರುತ್ತದೆ ಎಂದರು. “ಚಕ್ರ ಮಾತ್ರ ನನ್ ಕೈಲಿ ಹುಟ್ಟಲ್ಲ ಅಮ್ಮಾ.”

ಇಂಗ್ಲೆಂಡಿಗೆ ಒಂದು ಕಾಗದ ಹೋಯಿತು. ಕಾಲೇಜಿನ ಟೈಪ್‌ರೈಟರಿನಲ್ಲಿ ಕುಟ್ಟಿದವಳು ನಾನು. ಅಲ್ಲಿಂದ ಬಂದ ಉತ್ತರ ಬಹಳ ಸಭ್ಯವಾಗಿತ್ತು. ಚಕ್ರಗಳಿವೆ, ಕಳಿಸಲು ಸಂತೋಷ, ನಿಮ್ಮ ಸರ್ಕಾರದ ಆಮದು ಪರವಾನಗಿ ಕಳಿಸಿಕೊಡಿ ಎಂದಿದ್ದರು. ಬೆಂಗಳೂರಿನ ಕಚೇರಿಯೊಂದರಲ್ಲಿ ಮಧ್ಯಾಹ್ನದವರೆಗೆ ಕೂರಿಸಿದ ಮೇಲೆ ಗುಮಾಸ್ತರು, ಇದು ಟ್ರ್ಯಾಕ್ಟರಿನದಾಗಿದ್ದರೆ ನೋಡಬಹುದಿತ್ತು ಎಂದರು. ಟ್ರ್ಯಾಕ್ಟರಿನದಲ್ಲ ಎಂಬುದಕ್ಕೆ ಮೇಡಂ ಅವರಲ್ಲಿ ಕ್ಷಮೆ ಕೇಳಿ ಎದ್ದು ಬಂದರು.

ಮಾಲೂರಿನ ಹೆಂಚಿನ ಕಾರ್ಖಾನೆಯ ಯಜಮಾನರ ಹತ್ತಿರ ಥೇಟ್ ಅಂಥದೇ ಕಾರಿದೆಯೆಂದು ಯಾರೋ ಹೇಳಿದರು. ಹೋಗಿ ನೋಡಿದರೆ ಅದು ಬೇರೆಯೇ ಜಾತಿಯದು. ಬಣ್ಣ ಮಾತ್ರ ಒಂದೇ. ಆದರೂ ಅಲ್ಲಿಗೆ ಹೋದದ್ದು ವ್ಯರ್ಥವಾಗಲಿಲ್ಲ. ದೊರೆಯ ಬಂಗಲೆಯ ಸಾಮಾನು ಹರಾಜಾದ ದಿನ ತಾವೂ ಹೋಗಿದ್ದೆವೆಂದೂ, ಅವನು ಬದಲಿಗಿಟ್ಟುಕೊಂಡಿದ್ದ ಎರಡು ಕಡ್ಡಿ ಚಕ್ರಗಳಲ್ಲಿ ಒಂದನ್ನು ಮುಳಬಾಗಿಲಿನ ಹೋಟೆಲಿನವರೂ ಇನ್ನೊಂದನ್ನು ಶಿವಾರಪಟ್ಟಣದ ಆಚಾರಿಯೊಬ್ಬರೂ ಕೂಗಿಕೊಂಡರೆಂದೂ ಅವರು ಹೇಳಿದರು. ತಾವು ಕೂಗಿದ್ದು ಬಾತ್‌ಟಬ್ಬು. ಅದರಲ್ಲಿ ಈಗ ಜೇಡಿಮಣ್ಣು ಕಲೆಸುತ್ತಿದ್ದರು.

ಮುಳಬಾಗಿಲಿನ ಹೋಟೆಲಿನಲ್ಲಿ ಚಕ್ರ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿತ್ತು. ನೀಲಿ ಬಣ್ಣ ಬಳಿದಿದ್ದರು, ಹೂವಿನ ಹಾರ ಹಾಕಿದ್ದರು. ಅದು ಅಶೋಕ ಚಕ್ರವಾಗಿತ್ತು. ಸ್ವಾತಂತ್ರ್ಯ ದಿನಾಚರಣೆಯಂದು ಅದರ ಕೆಳಗೆ ಮಿಠಾಯಿ ಹಂಚುತ್ತೇವೆ, ಕೊಡುವ ಮಾತೇ ಇಲ್ಲ ಎಂದರು ಮಾಲೀಕರು. ಮೇಡಂ ದೋಸೆ ಪೂರ್ತಿ ತಿಂದು, ಕೈ ತೊಳೆದು ಬಂದು ಕೇಳಿದರು: “ಅಶೋಕ ಚಕ್ರಕ್ಕೆ ಎಷ್ಟು ಕಡ್ಡಿ?”

“ಇಪ್ಪತ್ನಾಲ್ಕು ಅಂತ ನಮ್ಮ ಹುಡುಗಿ ಓದ್ತಿದ್ಲು.”

“ಎಣಿಸಿ.”

ಮಾಲೀಕರು ಸ್ಟೂಲು ಹತ್ತಿ ಎಣಿಸಿದರು. ಇಪ್ಪತ್ತನಾಲ್ಕು ದಾಟಿದ ಮೇಲೆ ಅವರ ದನಿ ಇಳಿಯುತ್ತಾ ಹೋಯಿತು. “ಕಮ್ಮಿಯಾದ್ರೆ ತಪ್ಪು. ಜಾಸ್ತಿಯಿದ್ರೆ ಏನಮ್ಮಾ?”

“ರಾಷ್ಟ್ರಧ್ವಜದ ಚಕ್ರ ಕಣ್ರೀ ಇದು. ಸಾಂಬಾರಲ್ಲ, ಜಾಸ್ತಿ ಹಾಕೋಕೆ.”

ಮುಂದಿನ ವಾರ ಒಂಬತ್ತನೇ ತರಗತಿಯ ಹುಡುಗಿಯರು ರಟ್ಟಿನಲ್ಲಿ ಕತ್ತರಿಸಿದ, ಕಡ್ಡಿಗಳ ಲೆಕ್ಕ ಸರಿಯಿದ್ದ ಅಶೋಕ ಚಕ್ರ ಆ ಗೋಡೆಯೇರಿತು. ನೀಲಿ ಚಕ್ರ ನನ್ನ ಕಾಲಿನ ಮೇಲೆ ಕುಳಿತು ಬಸ್ಸಿನಲ್ಲಿ ಕೋಲಾರಕ್ಕೆ ಬಂತು. ಕಂಡಕ್ಟರು ಅದಕ್ಕೂ ಟಿಕೆಟ್ಟು ಕೊಟ್ಟ.

ಶಿವಾರಪಟ್ಟಣದ್ದು ಇಷ್ಟು ಸುಲಭವಾಗಲಿಲ್ಲ. ಆಚಾರ್ರು ಆ ಚಕ್ರವನ್ನು ಅಡ್ಡ ಮಲಗಿಸಿ, ನೆಲದಲ್ಲಿ ನೆಟ್ಟ ಗೂಟದ ಮೇಲೆ ಕೂರಿಸಿದ್ದರು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮೊಳದೆತ್ತರದ ಕರಿಕಲ್ಲಿನ ಗಣಪತಿ. ಕೆತ್ತುವವರು ಸುತ್ತಬೇಕಾಗಿರಲಿಲ್ಲ, ಬೆರಳಲ್ಲಿ ನೂಕಿದರೆ ದೇವರೇ ತಿರುಗುತ್ತಿದ್ದ. ಚಕ್ರ ಕೊಡಲು ಅವರಿಗೆ ಮನಸ್ಸಿತ್ತು, ಬೇರೆ ಏನಾದರೂ ಮಾಡಿಕೊಳ್ಳುತ್ತೇನೆ ಎಂದರು. “ಆದ್ರೆ ಕೂತಿರೋ ದೇವರನ್ನ ನಡುವೆ ಎಬ್ಬಿಸಂಗಿಲ್ಲಮ್ಮಾ. ಕಣ್ಣು ಬಿಡಿಸಿದ ಮೇಲೇ ಪೀಠ ಕದಲಿಸೋದು.” ಕಣ್ಣು ಬಿಡಿಸುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಗಣಪತಿಗೆ ಆಗಿನ್ನೂ ಕಿವಿಯೇ ಬಂದಿರಲಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಮೇಡಂ ಶಿವಾರಪಟ್ಟಣಕ್ಕೆ ಹೋಗತೊಡಗಿದರು. ಊರಿನವರು ಟೀಚರಮ್ಮನಿಗೆ ಕೊನೆಗೂ ಭಕ್ತಿ ಬಂತು ಎಂದು ಸಂತೋಷಪಟ್ಟರು. ಅವರ ಭಕ್ತಿ ಹೀಗಿತ್ತು: “ಈ ಹೊಟ್ಟೆ ಒಂಚೂರು ಕಮ್ಮಿ ಮಾಡಿದ್ರೆ ಆಗಲ್ವಾ ಆಚಾರ್ರೇ? ಬೇಗ ಮುಗಿಯುತ್ತೆ.”

“ಹೊಟ್ಟೆ ಕಮ್ಮಿಯಾದ್ರೆ ಕೆಲಸ ಜಾಸ್ತಿ ಅಮ್ಮಾ. ಅಷ್ಟು ಕಲ್ಲು ತೆಗೀಬೇಕಲ್ಲ.”

ಯುಗಾದಿಗೆ ಇನ್ನೊಂದೇ ವಾರ ಎನ್ನುವಾಗ ಗಣಪತಿ ಕಣ್ಣು ಬಿಟ್ಟ. ಅವನು ಮೊದಲು ಕಂಡದ್ದು ಬಹುಶಃ ತನ್ನ ಕಾಲಡಿಯ ಚಕ್ರ ಎಳೆದುಕೊಳ್ಳಲು ಗೋಣಿಚೀಲ ಹಿಡಿದು ನಿಂತ ಮೇಡಂರನ್ನು.

ಸಾಬರು ಶನಿವಾರವೇ ಎರಡೂ ಚಕ್ರ ಹಾಕಿ, ನಾಲ್ಕೂ ನಟ್ಟು ಬಿಗಿದು ಹೊರಟುಹೋದರು. ಕಾರು ಹೊರಡಬಹುದಿತ್ತು. ಆದರೆ ಪೂಜೆಯಿಲ್ಲದೆ ನಮ್ಮ ಮನೆಯಿಂದ ಗಾಡಿ ಹೊರಟು ಏನಾದರೂ ಹೆಚ್ಚುಕಡಿಮೆಯಾದರೆ ಹೆಸರು ಯಾರಿಗೆ ಎಂದು ಮೈದುನ ತಡೆದರು. ಭಾನುವಾರ ಮುಹೂರ್ತ ನಿಶ್ಚಯವಾಯಿತು. ಬಂಧುಗಳು ಗೌನಿಪಲ್ಲಿಯಿಂದಲೂ ಬಂದರು. ಚಕ್ರ ಹುಡುಕುವಾಗ ಒಬ್ಬರೂ ಕಾಣಿಸದೆ ಇದ್ದ ಕುಟುಂಬ ಇಷ್ಟು ದೊಡ್ಡದೆಂದು ನನಗೆ ತಿಳಿದದ್ದು ಅವತ್ತೇ.

ಪೂಜೆಯ ಹೊತ್ತಿಗೆ ಮೇಡಂಗೆ ಒಳಗೆ ಹಿಂಬದಿಯ ಕೋಣೆಯಲ್ಲಿ ಕೂರಲು ಹೇಳಿದರು. ಯಾರೂ ಒರಟಾಗಿ ಹೇಳಲಿಲ್ಲ. ಶುಭಕಾರ್ಯ, ಗಂಡನಿಲ್ಲದವರು ಎದುರಿಗಿರಬಾರದು, ಮುಗಿದ ಮೇಲೆ ಕರೆಯುತ್ತೇವೆ ಎಂದರು. ಅವರ ಹೆಸರಿನ ಕಾರು, ಅವರು ತಂದ ಚಕ್ರ. ಮೇಡಂ ಎದ್ದು ಹೋದರು. ಹೋಗುವಾಗ ನನ್ನ ಕೈಗೆ ಬೀಗದ ಕೈ ಕೊಟ್ಟರು. ಮದುವೆಯಾಗದ ಹುಡುಗಿಯಿಂದ ಅಡ್ಡಿಯಿಲ್ಲವೆಂದು ನಿಂಬೆಹಣ್ಣಿನ ತಟ್ಟೆಯನ್ನೂ ನನಗೇ ಹಿಡಿಸಿದರು.

ಇಲ್ಲಿ ಒಂದು ವಿಷಯ ಹೇಳಬೇಕು, ನನಗೂ ಆಮೇಲೆ ತಿಳಿದದ್ದು. ಆ ಕಾರಿನ ಎಡಬದಿಯ ನಟ್ಟುಗಳನ್ನು ಬಲಕ್ಕೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತವೆ. ಬಲಬದಿಯವು ತಿರುವುಮುರುವು: ಹಾಗೆಯೇ ತಿರುಗಿಸಿದರೆ ಸಡಿಲವಾಗುತ್ತವೆ. ಇದು ಗೊತ್ತಿದ್ದ ಇಬ್ಬರಲ್ಲಿ ಸಾಬರು ಕೋಲಾರದಲ್ಲಿದ್ದರು, ಮೇಡಂ ಹಿಂಬದಿಯ ಕೋಣೆಯಲ್ಲಿದ್ದರು.

ಪುರೋಹಿತರು ಚಕ್ರವನ್ನು ಹಿಡಿದಿರುವುದು ಯಾವುದು ಎಂದು ಕೇಳಿ, ನಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಕೊಡತಿಯಿಂದ ಒಂದು ಏಟು ಹಾಕಿದರು. ಪ್ರದಕ್ಷಿಣವಾಗಿ ಒಂದೊಂದು ಏಟು ಎಲ್ಲರೂ ಹಾಕಲಿ, ಎಲ್ಲರ ಕೈ ಬಿದ್ದರೆ ಶ್ರೇಯಸ್ಸು ಎಂದರು. ಗುದ್ದಲಿ ಪೂಜೆಯಲ್ಲಿ ಎಲ್ಲರೂ ಒಂದೊಂದು ಗುದ್ದಲಿ ಮಣ್ಣು ಅಗೆಯುವ ಹಾಗೆ ಎಲ್ಲರೂ ಸಾಲಾಗಿ ಬಂದರು. ಹಿರಿಯರು ಹೊಡೆದರು, ಮುತ್ತೈದೆಯರು ಬಳೆ ಸದ್ದು ಮಾಡುತ್ತಾ ಹೊಡೆದರು, ಮಂಡಿಯ ಹಮಾಲಿ ಮೇಸ್ತ್ರಿ ತನ್ನ ಪೂರ್ತಿ ಭಕ್ತಿಯನ್ನು ತೋಳಿಗೆ ತಂದುಕೊಂಡು ಹೊಡೆದ. ಪೂರ್ವಕ್ಕೆ ಹತ್ತಿರವಿದ್ದ ಮುಂದಿನ ಬಲ ಚಕ್ರಕ್ಕೆ ಎಲ್ಲಕ್ಕಿಂತ ಹೆಚ್ಚು ಶ್ರೇಯಸ್ಸು ಸಿಕ್ಕಿತು.

ಆಮೇಲೆ ಮೇಡಂರನ್ನು ಕರೆದರು. ಅವರು ಸೆರಗು ಸಿಕ್ಕಿಸಿಕೊಂಡು, ಆ ಕಾರಿನಲ್ಲಿ ಜೀವಮಾನದಲ್ಲಿ ಮೊದಲ ಸಲ ಕುಳಿತರು. ಎಂಜಿನ್ ಹೊತ್ತಿತು. ಚಕ್ರದಡಿಯ ನಿಂಬೆಹಣ್ಣುಗಳು ಚಿಟಚಿಟ ಎಂದವು. ಅಂಗಳ ದಾಟಿ ಗೇಟು ಇನ್ನೊಂದು ಮಾರು ಇದೆ ಎನ್ನುವಾಗ ಮುಂದಿನ ಬಲ ಚಕ್ರ ಕಾರನ್ನು ಬಿಟ್ಟು ತಾನೊಂದೇ ಮುಂದೆ ಹೋಯಿತು. ಯಾವ ಅವಸರವೂ ಇಲ್ಲದೆ ಗೇಟು ದಾಟಿ, ರಸ್ತೆ ದಾಟಿ, ಎದುರಿನ ಟೊಮೇಟೊ ಮಡಿಯಲ್ಲಿ ಮಲಗಿತು. ಕಾರು ಮೊಣಕಾಲೂರಿ ಕುಳಿತಿತು.

ಅದಕ್ಕೇ ಮೊದಲು ಗಂಡಸರು ಓಡಿಸಲಿ ಅಂದದ್ದು ಎಂದು ಒಬ್ಬ ಅತ್ತೆ ಹೇಳಿದ ಮೇಲೆ ಎಲ್ಲರಿಗೂ ಮಾತು ಬಂತು. ದೃಷ್ಟಿ ಎಂದರು, ಮುಂಡೆ ಕುಳಿತ ಗಾಡಿ ಎಂದು ಕೇಳಿಸುವಷ್ಟು ಮೆಲ್ಲಗೆ ಅಂದರು. ಮೈದುನ ಗೇಟಿನ ಹತ್ತಿರ ಹೋಗಿ ನೆಲ ನೋಡಿ ಬಂದರು.

“ಚಕ್ರ ದಾಟ್ತು ವದಿನಮ್ಮಾ. ಕಾರು ದಾಟಲಿಲ್ಲ. ನಾಳೆ ಮಧ್ಯಾಹ್ನ ಗುಜರಿಯೋನು ಬರ್ತಾನೆ.”

ಮೇಡಂ ಆ ಸೀಟಿನಿಂದ ಇಳಿಯಲು ತುಂಬ ಹೊತ್ತು ತೆಗೆದುಕೊಂಡರು.

ಸಂಜೆ ಬಂಧುಗಳು ಕರಗಿದ ಮೇಲೆ ನಾವಿಬ್ಬರೂ ಹೋಗಿ ಟೊಮೇಟೊ ಮಡಿಯಿಂದ ಚಕ್ರ ತಂದೆವು. ನಟ್ಟು ಗೇಟಿನ ಪಕ್ಕದ ಚರಂಡಿಯಲ್ಲಿ ಸಿಕ್ಕಿತು. ಅದರ ಮೇಲಿನ ಅರಿಶಿನ ಕುಂಕುಮವನ್ನೂ ಕಿವಿಯ ಮೇಲಿನ ಏಟಿನ ಗುರುತುಗಳನ್ನೂ ನೋಡುತ್ತಿದ್ದಂತೆ ಮೇಡಂಗೆ ಎಲ್ಲ ತಿಳಿದುಹೋಯಿತು. ಯಾರು ಯಾರು ಹೊಡೆದರೆಂದು ಕೇಳಿದರು, ಹೇಳಿದೆ. ನಟ್ಟಿನ ಗುಟ್ಟನ್ನು ಆಗ ನನಗೆ ಬಿಡಿಸಿ ಹೇಳಿದರು. ಇದನ್ನು ಅವರಿಗೂ ಹೇಳಿ ಮೇಡಂ ಎಂದೆ.

“ಹೇಳಿದ್ರೆ ತಪ್ಪಾಯ್ತು ಅಂತ ಪರಿಹಾರಕ್ಕೆ ಇನ್ನೊಂದು ಪೂಜೆ ಇಡ್ತಾರೆ ಕಣೇ.” ನಡುಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಮುಂದೆ ಕನ್ನಡಕ ಹಾಕಿಕೊಂಡು ನಿಂತರು. “ಬೆಳಿಗ್ಗೆ ಏಳೂವರೆಗೆ ರೆಡಿಯಾಗಿರು.”

“ಸೋಮವಾರ ಏಳೂವರೆಗೆ ರಾಹುಕಾಲ ಹಿಡಿಯುತ್ತೆ ಮೇಡಂ.”

“ಹೂಂ. ಒಂಬತ್ತರವರೆಗೆ ಈ ಮನೇಲಿ ಯಾರೂ ಹೊಸ್ತಿಲು ದಾಟಲ್ಲ. ಯಾರೂ ಬಂದು ಹರಸಲ್ಲ.”

ಮರುದಿನ ಬೆಳಿಗ್ಗೆ ಹಾಗೆಯೇ ಆಯಿತು. ಮೇಡಂ ಜಾಕಿ ಕೊಟ್ಟು ಕಾರು ಎತ್ತಿ, ಚಕ್ರ ಕೂರಿಸಿ, ನಟ್ಟಿಗೆ ಎಡಕ್ಕೆ, ಸಾಕ್ಷಾತ್ ಅಪ್ರದಕ್ಷಿಣವಾಗಿ ಹೊಡೆದು ಬಿಗಿದರು. ಹಿಂದಿನದಕ್ಕೂ ಹಾಗೆಯೇ ಮಾಡಿದರು. ಆ ಸದ್ದಿಗೆ ಮೈದುನ ಹಲ್ಲುಪುಡಿ ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದು ಹೊಸ್ತಿಲ ಒಳಗೆ ನಿಂತರು. ಒಂದು ಕಾಲು ಎತ್ತಿದರು, ಮತ್ತೆ ಒಳಗೇ ಇಟ್ಟರು. ನಾನು ಗೇಟು ತೆಗೆದು ಬಂದು ಪಕ್ಕದಲ್ಲಿ ಕುಳಿತೆ. ಕಾರು ಗೇಟು ದಾಟಿತು. ನಾಲ್ಕೂ ಚಕ್ರ ಜೊತೆಗೇ ಬಂದವು.

ಕೋಲಾರದಲ್ಲಿ ಅವರ ಶಾಲೆಯ ಗೇಟಿನ ಮುಂದೆ ಹುಡುಗಿಯರು ರಿಬ್ಬನ್ನಿನ ಜಡೆ ಹಿಡಿದುಕೊಂಡು ನಿಂತಲ್ಲೇ ನಿಂತರು. ಹೆಡ್‌ಮಾಸ್ಟರು ಸೈಕಲ್ಲಿನಿಂದ ಇಳಿದರು. ಕಾರು ನಿಧಾನಿಸಲಿಲ್ಲ.

“ಮೇಡಂ, ಸ್ಕೂಲು ಹಿಂದೆ ಹೋಯ್ತು” ಎಂದೆ.

“ಹೋಗ್ಲಿ ಬಿಡೇ” ಎಂದರು ಮೇಡಂ, ಮತ್ತು ಗೇರು ಬದಲಿಸಿ, ಊರು ದಾಟಿ ನರಸಾಪುರದ ರಸ್ತೆ ಹಿಡಿದರು.